ಮನೆಗೆ ಎಷ್ಟು ಮೊತ್ತದ ವಿಮೆ: ನಾನು ಲೆಕ್ಕ ಹಾಕಿದ ಬಗೆ

ಮೈಸೂರಿನಲ್ಲಿರುವ ನಮ್ಮ ಮನೆ 30x40 ನಿವೇಶನದಲ್ಲಿ ಕಟ್ಟಿದ್ದು, ನೆಲಮಹಡಿ ಮತ್ತು ಮೊದಲ ಮಹಡಿ ಸೇರಿ ಹದಿನೇಳು ಚದರವಿದೆ (ಒಂದು ಚದರವೆಂದರೆ ನೂರು ಚದರಡಿ). ಅದಕ್ಕೆ ವಿಮೆ ಮಾಡಿಸಲು ಹೊರಟಾಗ ಮೂರು ಮೊತ್ತಗಳು ಕೈಗೆ ಸಿದ್ಧವಾಗಿಯೇ ಇದ್ದವು: ದಲ್ಲಾಳಿ ಹೇಳಿದ ಮಾರಾಟದ ಬೆಲೆ, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ ಮತ್ತು ಬ್ಯಾಂಕಿನಲ್ಲಿ ಬಾಕಿಯಿದ್ದ ಗೃಹಸಾಲ. ಈ ಮೂರನ್ನೂ ನಾನು ಬದಿಗಿಟ್ಟೆ. ಮಾರಾಟದ ಬೆಲೆಯಲ್ಲಿ ನಿವೇಶನದ ಪಾಲೇ ದೊಡ್ಡದು, ಆದರೆ ನೆಲಕ್ಕೆ ವಿಮೆಯಿಲ್ಲ. ಮಾರ್ಗಸೂಚಿ ದರ ಇರುವುದು ಮುದ್ರಾಂಕ ಶುಲ್ಕಕ್ಕೆ. ಸಾಲದ ಬಾಕಿಯಷ್ಟಕ್ಕೆ ಮಾಡಿಸಿದ ವಿಮೆಯಿಂದ ಬ್ಯಾಂಕಿನ ಹಣ ಬ್ಯಾಂಕಿಗೆ ಹಿಂತಿರುಗುತ್ತದೆಯೇ ಹೊರತು ನಮ್ಮ ಗೋಡೆ ಮತ್ತೆ ಏಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಯ ಜೊತೆಗೆ ಅಡಿಯ ನೆಲವೂ ಜಾರಿಹೋದ ಕಡೆಗಳಲ್ಲಿಯೂ ಗೃಹವಿಮೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಟ್ಟಡವನ್ನು ಮಾತ್ರ.

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನೇ ನಾನು ಆರಿಸಿಕೊಂಡೆ. ಅದರಲ್ಲಿ ಕಟ್ಟಡದ ವಿಮಾ ಮೊತ್ತವೆಂದರೆ ಪಾಲಿಸಿ ಆರಂಭವಾಗುವ ದಿನದಂದು ಅದೇ ಮನೆಯನ್ನು ಹೊಸದಾಗಿ ಕಟ್ಟಲು ತಗಲುವ ವೆಚ್ಚ. ‘ಮನೆ ಇಪ್ಪತ್ತು ವರ್ಷ ಹಳೆಯದು ಸಾರ್, ಸವಕಳಿ ಕಳೆದು ಹಾಕೋಣ’ ಎಂದು ಏಜೆಂಟರು ಸೂಚಿಸಿದಾಗ ನಾನು ಪಾಲಿಸಿಯ ಈ ವಾಕ್ಯವನ್ನೇ ತೋರಿಸಿದೆ. ಹಳೆಯ ಮನೆ ಬಿದ್ದರೂ ಸಿಮೆಂಟು, ಕಬ್ಬಿಣ ಮತ್ತು ಕೂಲಿಯನ್ನು ಇಂದಿನ ದರದಲ್ಲಿಯೇ ಕೊಡಬೇಕಾಗುತ್ತದೆ.

ಇಂದಿನ ದರ ತಿಳಿಯಲು ನಮ್ಮ ಬಡಾವಣೆಯಲ್ಲಿ ಆಗ ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿಯೊಬ್ಬರನ್ನು ಕರೆದು ಮನೆ ತೋರಿಸಿದೆ. ಅವರು ಗೋಡೆಗಳನ್ನೊಮ್ಮೆ ನೋಡಿ, ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ, ‘ಚದರಕ್ಕೆ ಎರಡು ಲಕ್ಷ ಇಪ್ಪತ್ತು ಸಾವಿರ ಆಗುತ್ತೆ ಸಾರ್. ಸಂಪು, ಕಾಂಪೌಂಡು, ಗೇಟು ಬೇರೆ. ಈ ತೇಗ ಅಂತೂ ನಮ್ಮ ರೇಟಿಗೆ ಬರಲ್ಲ’ ಎಂದರು. ಅವರ ಲೆಕ್ಕದಂತೆ ಹದಿನೇಳು ಚದರಕ್ಕೆ 37.4 ಲಕ್ಷ ರೂಪಾಯಿ. ಕಿಟಕಿ ಮತ್ತು ಒಳಬಾಗಿಲುಗಳಿಗೂ ನಾವು ತೇಗವನ್ನೇ ಬಳಸಿದ್ದರಿಂದ ಅದಕ್ಕೆಂದು 1.6 ಲಕ್ಷ, ಸಂಪು, ಕಾಂಪೌಂಡು, ಗೇಟು ಮತ್ತು ಚಾವಣಿಯ ಸೋಲಾರ್ ಹೀಟರಿಗೆ 3 ಲಕ್ಷ ಸೇರಿಸಿದಾಗ ಒಟ್ಟು 42 ಲಕ್ಷವಾಯಿತು. ಈ ಹೊರಗಿನ ಕಟ್ಟಣೆಗಳನ್ನೂ ಪಾಲಿಸಿ ಮನೆಯ ಭಾಗವೆಂದೇ ಪರಿಗಣಿಸುತ್ತದೆ, ಆದರೆ ಅವುಗಳ ಮೊತ್ತವನ್ನು ನಾವೇ ಘೋಷಿಸಬೇಕು.

ಎಚ್ಚರಿಕೆ ಬೇಕಾದದ್ದು ಅರ್ಜಿ ತುಂಬುವಾಗ. ಅರ್ಜಿಯಲ್ಲಿ ಕೇಳುವುದು ಕಾರ್ಪೆಟ್ ಏರಿಯಾ, ಮೇಸ್ತ್ರಿ ದರ ಹೇಳುವುದು ಹೊರಗೋಡೆಯೂ ಸೇರಿದ ಬಿಲ್ಟ್ ಅಪ್ ಏರಿಯಾಕ್ಕೆ. ಪಾಲಿಸಿಯ ವ್ಯಾಖ್ಯೆಯಂತೆ ಹೊರಗೋಡೆಯ ದಪ್ಪ ಲೆಕ್ಕಕ್ಕಿಲ್ಲ, ಒಳಗೋಡೆ ಲೆಕ್ಕಕ್ಕುಂಟು, ಬಾಲ್ಕನಿ, ವರಾಂಡ ಮತ್ತು ಕಾರು ನಿಲ್ಲಿಸುವ ಜಾಗಗಳ ವಿಸ್ತೀರ್ಣದಲ್ಲಿ ಶೇಕಡಾ 25ರಷ್ಟನ್ನು ಮಾತ್ರ ಹಿಡಿಯುತ್ತಾರೆ. ನಮ್ಮ ಹೊರಗೋಡೆಗಳು ಒಂಬತ್ತು ಇಂಚಿನವು. ಟೇಪು ಹಿಡಿದು ಕೋಣೆ ಕೋಣೆ ಅಳೆದಾಗ 1,700 ಚದರಡಿಯ ಮನೆ 1,400 ಚದರಡಿಗೆ ಇಳಿಯಿತು. ಮೇಸ್ತ್ರಿಯ 2,200 ರೂಪಾಯಿ ದರವನ್ನು ಈ 1,400ಕ್ಕೆ ಗುಣಿಸಿದರೆ ಬರುವುದು 30.8 ಲಕ್ಷ, ಅಂದರೆ ಕಟ್ಟಡವೊಂದಕ್ಕೇ 6.6 ಲಕ್ಷ ಕಡಿಮೆ. ಆದ್ದರಿಂದ ಒಟ್ಟು ವೆಚ್ಚವಾದ 37.4 ಲಕ್ಷವನ್ನೇ 1,400ರಿಂದ ಭಾಗಿಸಿ, ಚದರಡಿಗೆ ಸುಮಾರು 2,670 ರೂಪಾಯಿ ಎಂದು ದರವನ್ನು ಪರಿವರ್ತಿಸಿಕೊಂಡೆ. ದರವನ್ನು ಘೋಷಿಸುವವರು ನಾವು, ಒಪ್ಪುವವರು ಕಂಪನಿಯವರು. ಅದನ್ನು ಕಂಡ ಏಜೆಂಟರು ಹುಬ್ಬೇರಿಸಿದ್ದರಿಂದ ಮೇಸ್ತ್ರಿಯ ಅಂದಾಜುಪಟ್ಟಿ ಮತ್ತು ಮನೆಯ ನಕ್ಷೆ ಎರಡನ್ನೂ ಅರ್ಜಿಗೆ ಲಗತ್ತಿಸಿದೆ.

ಮೊತ್ತ ಕಡಿಮೆ ತೋರಿಸಿದರೆ ಆಗುವ ನಷ್ಟದ ಬಗ್ಗೆ ಎರಡು ಮಾತು. ಹಳೆಯ ಬಗೆಯ ಪಾಲಿಸಿಗಳಲ್ಲಿ 40 ಲಕ್ಷದ ಮನೆಗೆ 20 ಲಕ್ಷದ ವಿಮೆ ಮಾಡಿಸಿದ್ದರೆ, 4 ಲಕ್ಷದ ಹಾನಿಗೆ ಅದೇ ಅನುಪಾತದಲ್ಲಿ 2 ಲಕ್ಷ ಮಾತ್ರ ಕೊಡುವ ನಿಯಮವಿತ್ತು. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವಿಲ್ಲ. ಹಾಗೆಂದು ಕಡಿಮೆ ಮೊತ್ತ ಸಾಕೆಂದು ಹೇಳುವವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಮನೆ ಪೂರ್ತಿ ನೆಲಸಮವಾದರೆ ವಿಮಾ ಮೊತ್ತವೇ ಮಿತಿ. ಮೊತ್ತವನ್ನು ಐದು ಲಕ್ಷ ಏರಿಸಿದ್ದಕ್ಕೆ ವರ್ಷದ ಪ್ರೀಮಿಯಂ ಏರಿದ್ದು ಕೆಲವೇ ನೂರು ರೂಪಾಯಿ. ಅಷ್ಟನ್ನು ಉಳಿಸಲು ಹೋಗಿ ಅಡಿಪಾಯಕ್ಕೆ ಸಾಲ ಕೇಳುವುದು ಜಾಣತನವಲ್ಲ. ಅವಶೇಷ ತೆರವಿಗೆ ಕ್ಲೇಮಿನ ಶೇಕಡಾ 2 ಮತ್ತು ಎಂಜಿನಿಯರರ ಶುಲ್ಕಕ್ಕೆ ಶೇಕಡಾ 5ರವರೆಗೆ ಪಾಲಿಸಿಯಲ್ಲೇ ಇರುವುದರಿಂದ ಅವನ್ನು ನಾನು ಮತ್ತೆ ಸೇರಿಸಲಿಲ್ಲ.

ಸಾಮಾನುಗಳ ಲೆಕ್ಕ ಸುಲಭವಾಗಿ ಮುಗಿಯಿತು. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ಸಿಗುತ್ತದೆ; ನಮಗೆ ಅದು 8.4 ಲಕ್ಷ. ಅಷ್ಟು ಸಾಕೇ ಎಂದು ನೋಡಲು ನಾನೂ ನನ್ನ ಹೆಂಡತಿಯೂ ಫ್ರಿಜ್‌, ಮಂಚಗಳಿಂದ ಹಿಡಿದು ಬೀರುವಿನ ರೇಷ್ಮೆ ಸೀರೆಗಳವರೆಗೆ ಇಂದಿನ ಬೆಲೆ ಬರೆದುಕೊಂಡೆವು. ಏಳು ಲಕ್ಷದ ಆಸುಪಾಸಿಗೆ ಬಂದು ನಿಂತಿತು. ಚಿನ್ನ ಮತ್ತು ಬೆಳ್ಳಿ ಇದರಲ್ಲಿ ಸೇರುವುದಿಲ್ಲ, ಅವುಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆಯಿದೆ. ನಮ್ಮ ಒಡವೆ ಲಾಕರಿನಲ್ಲಿರುವುದರಿಂದ ಅದನ್ನು ಬಿಟ್ಟೆವು. ಬೆಂಕಿ ಅಥವಾ ಪ್ರವಾಹದಂತಹ ಅವಘಡ ನಡೆದ ಏಳು ದಿನಗಳೊಳಗೆ ಆಗುವ ಕಳವಿಗೆ ಮಾತ್ರ ಈ ಪಾಲಿಸಿಯಲ್ಲಿ ಪರಿಹಾರವುಂಟು. ಬೇಸಿಗೆ ರಜೆಯಲ್ಲಿ ಬೀಗ ಹಾಕಿ ಊರಿಗೆ ಹೋಗುವವರು ನಾವಾದ್ದರಿಂದ ಮನೆಗಳ್ಳತನಕ್ಕೆ ಬೇರೆ ಪಾಲಿಸಿ ಮಾಡಿಸಿದೆ.

ಅವಧಿಯನ್ನು ಹತ್ತು ವರ್ಷವೆಂದು ಇಟ್ಟುಕೊಂಡೆ. ದೀರ್ಘಾವಧಿಯ ಪಾಲಿಸಿಯಲ್ಲಿ ಕಟ್ಟಡದ ಮೊತ್ತ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ವರ್ಷಕ್ಕೆ ಶೇಕಡಾ 10ರಂತೆ ತಾನಾಗಿ ಏರುತ್ತದೆ. ಕೂಲಿ ಮತ್ತು ಕಬ್ಬಿಣದ ಬೆಲೆಯೇರಿಕೆಗೆ ಅದು ಹೆಚ್ಚುಕಡಿಮೆ ಸರಿಹೋಗಬಹುದೆಂಬುದು ನನ್ನ ಅಂದಾಜು. ಚಾವಣಿಯ ಮೇಲೆ ಒಂದು ಕೋಣೆ ಕಟ್ಟಿಸುವ ಯೋಚನೆ ಮಗನಿಗಿದೆ. ಅದು ಎದ್ದರೆ ವಿಸ್ತೀರ್ಣವೇ ಬದಲಾಗುವುದರಿಂದ ಶೇಕಡಾ 10ರ ಏರಿಕೆಯನ್ನು ನಂಬಿ ಕೂರದೆ, ಕಂಪನಿಗೆ ತಿಳಿಸಿ ಮೊತ್ತವನ್ನು ತಿದ್ದಿಸಬೇಕಾಗುತ್ತದೆ.