ತೋಟದ ಸೆನ್ಸರ್ ಬ್ಯಾಟರಿ ಬಾಳಿಕೆ ಬರೋ ಹಾಗೆ ಮಾಡಿದ್ದು – ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪ ಕಡೆ ನಮ್ದು ರೋಬಸ್ಟಾ ಕಾಫಿ ತೋಟ. ಹೂಮಳೆ ಟೈಮಿಗೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಕೆರೇಲಿ ಇರೋದೇ ಅಷ್ಟು ನೀರು, ಹಾಗಾಗಿ ಯಾವ ಬ್ಲಾಕಲ್ಲಿ ಮಣ್ಣು ಎಷ್ಟು ಒಣಗಿದೆ ಅಂತ ಮನೇಲೇ ಗೊತ್ತಾಗ್ಲಿ ಅಂತ ಎಂಟು ಕಡೆ ಸೆನ್ಸರ್ ನೆಟ್ಟೆ. ಪ್ರತಿಯೊಂದಕ್ಕೂ ಒಂದು ಆರ್ಡುಯಿನೊ ಪ್ರೊ ಮಿನಿ (ಪುಟ್ಟ ಕಂಪ್ಯೂಟರ್ ಬೋರ್ಡು), ಎಸ್‌ಎಕ್ಸ್1276 ಲೋರಾ ರೇಡಿಯೊ (ಕಮ್ಮಿ ಕರೆಂಟಲ್ಲಿ ದೂರ ಮುಟ್ಟೋದು), 2600 ಎಂಎಎಚ್ ಸೆಲ್ ಒಂದು. ಈ ರೇಡಿಯೊ ಓಡೋ 866 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ.

ಸೋಲಾರ್ ಹಾಕಿ ಅಂತ ಎಲ್ರೂ ಹೇಳ್ತಾರೆ. ಸಿಲ್ವರ್ ಓಕ್, ಹಲಸಿನ ಮರದ ನೆರಳಲ್ಲಿ ಪ್ಯಾನೆಲ್ ಇಟ್ಟು ಏನು ಮಾಡೋದು, ಜೂನ್ ಹಿಡಿದ್ರಂತೂ ಬಿಸಿಲೇ ಇಲ್ಲ.

ಮೊದ್ಲು ಒಂದು ಸೆನ್ಸರಿನ ಸುದ್ದಿ ಇನ್ನೊಂದು ದಾಟಿಸೋ ಹಾಗೆ, ಎಲ್ಲಾ ರೇಡಿಯೊನೂ ಯಾವಾಗ್ಲೂ ಕೇಳಿಸ್ಕೊಳ್ತಾ ಇರೋ ಹಾಗೆ ಪ್ರೋಗ್ರಾಮ್ ಬರೆದಿದ್ದೆ. ಒಂಬತ್ತನೇ ದಿನಕ್ಕೆ ಒಂದೊಂದಾಗಿ ಸತ್ತವು. ಕೆಳಗಿನ ಬ್ಲಾಕಲ್ಲಿ ಆನೆ ಓಡಾಟ, ಸೆಲ್ ಬದಲಾಯಿಸೋಕೆ ವಾರ ವಾರ ರೈಟರನ್ನ (ತೋಟದ ಉಸ್ತುವಾರಿಯವರನ್ನ) ಅಲ್ಲಿಗೆ ಕಳ್ಸೋಕಾಗಲ್ಲ. ಮೀಟರ್ ಇಟ್ಟು ನೋಡಿದ್ರೆ ಕಳ್ಸುವಾಗ ಸುಮಾರು 90 ಮಿಲಿಆಂಪ್, ಆದ್ರೆ ಅದು ಒಂದು ಕ್ಷಣ ಅಷ್ಟೆ. ಸುಮ್ನೆ ಕಾಯ್ತಾ ಕೂತಿರೋಕೆ 11 ಮಿಲಿಆಂಪ್, ಅದು ಹಗಲೂ ರಾತ್ರಿ. 2600 ಭಾಗಿಸು 11, ಹತ್ತು ದಿನಾನೂ ಆಗಲ್ಲ. ಮಲಗಿಸಿದ್ರೆ ಅದೇ ರೇಡಿಯೊ ಒಂದು ಮೈಕ್ರೋಆಂಪ್ ಕೂಡ ತಿನ್ನಲ್ಲ.

ಸೆನ್ಸರುಗಳು ಬ್ಯಾಟರಿ ಉಳಿಸ್ತಾ ಸುದ್ದಿ ಕಳ್ಸೋಕೆ ಅಂತ 2000ದಲ್ಲಿ ಬಂದ ಲೀಚ್ (LEACH) ಪ್ರೋಟೋಕಾಲ್ ಓದಿದೆ, ಗುಂಪಿನ ಸುದ್ದಿ ಸೇರಿಸಿ ಕಳ್ಸೋಕೆ ಗುಂಪಿಗೊಬ್ಬ ಯಜಮಾನ, ಆ ಸರದಿ ಎಲ್ರಿಗೂ ಸುತ್ತಿ ಬರುತ್ತೆ. ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಯಾವ ನೋಡ್ (ರೇಡಿಯೊ ಇರೋ ಒಂದೊಂದು ಸೆನ್ಸರ್) ಬೇಕಾದ್ರೂ ಎಲ್ಲಾ ಸುದ್ದಿ ಬಂದು ಸೇರೋ ಬೇಸ್ ಸ್ಟೇಷನ್‌ವರೆಗೆ ಮುಟ್ಟುತ್ತೆ ಅಂತ ಇಟ್ಕೊಂಡಿದಾರೆ. ನಮ್ಮ ಗದ್ದೆ ಬದೀಲಿರೋ ಮೂರು ನೋಡಿಗೆ ಮಧ್ಯೆ ಗುಡ್ಡ ಅಡ್ಡ. ಹಾಗಾಗಿ ಗುಂಪಿನೊಳಗೆ ಟೈಮ್ ಹಂಚೋ ಐಡಿಯಾ ಮಾತ್ರ ತಗೊಂಡೆ. ಅರ್ಧ ಗಂಟೆಗೊಮ್ಮೆ ಒಬ್ಬೊಬ್ರಿಗೆ 3 ಸೆಕೆಂಡು, ಕಳ್ಸು, ಉತ್ತರ ಕೇಳು, ಮಲ್ಕೋ. ಗದ್ದೆ ಬದಿಯ ಆ ಮೂವರ ಸುದ್ದಿ ದಾಟಿಸೋದು ಏರಿ ಮೇಲಿನ ನೋಡ್, ಅದು ಅವರ ಟೈಮಲ್ಲಿ ಮಾತ್ರ ಕಿವಿ ತೆರೆಯುತ್ತೆ, ಅಂದ್ರೆ 30 ನಿಮಿಷಕ್ಕೆ 9 ಸೆಕೆಂಡು.

ಕಷ್ಟ ಕೊಟ್ಟಿದ್ದು ಗಡಿಯಾರ. ಚಿಪ್ಪಿನ ವಾಚ್‌ಡಾಗ್ ಟೈಮರ್ (ಚಿಪ್ಪೊಳಗೇ ಇರೋ ಒರಟು ಗಡಿಯಾರ) ನಂಬಿದ್ದೆ, ಅದು ಬೆಳಗಿನ ಮಂಜಿಗೆ ಒಂಥರ, ಮಧ್ಯಾಹ್ನಕ್ಕೆ ಇನ್ನೊಂಥರ ಓಡುತ್ತೆ, ಎರಡು ನೋಡ್ ಒಟ್ಟಿಗೇ ಮಾತಾಡಿ ಎರಡೂ ಹಾಳು. ಡಿಎಸ್3231 ಅನ್ನೋ ನಿಖರವಾದ ಗಡಿಯಾರ ಚಿಪ್ ಹಾಕಿದೆ, ದಿನಕ್ಕೆ ಹೆಚ್ಚೂ ಕಮ್ಮಿ 0.17 ಸೆಕೆಂಡ್ ತಪ್ಪುತ್ತೆ, ಅದನ್ನೂ ಎಲ್ಲರ ಸುದ್ದಿ ತಗೊಳ್ಳೋ ಗೇಟ್‌ವೇ ಉತ್ತರ ಕೊಡುವಾಗ ಸರಿ ಮಾಡುತ್ತೆ.

ಸ್ಪ್ರೆಡಿಂಗ್ ಫ್ಯಾಕ್ಟರ್ (ಲೋರಾದ ಸೆಟ್ಟಿಂಗ್, ಏರಿಸಿದಷ್ಟೂ ದೂರ ಮುಟ್ಟುತ್ತೆ, ಆದ್ರೆ ನಿಧಾನ) ಎಲ್ಲಾದಕ್ಕೂ 12 ಇಟ್ಟಿದ್ದೂ ದಂಡ, ಒಂದೊಂದು ಮೆಟ್ಟಿಲು ಏರಿಸಿದ್ರೂ ಗಾಳೀಲಿರೋ ಸಮಯ ಹತ್ರ ಹತ್ರ ಡಬಲ್. ಹತ್ತಿರದವಕ್ಕೆ 7, ಗದ್ದೆ ಕಡೆಯವಕ್ಕೆ 9 ಮಾಡಿದೆ. ಜುಲೈ ಮಳೇಲಿ ಎಲೆಯೆಲ್ಲಾ ನೆನೆದು ಅದ್ರಲ್ಲೊಂದು ಕಾಣೆಯಾಯ್ತು, ಆಮೇಲೆ 10. ಉತ್ತರ ಬರ್ಲಿಲ್ಲ ಅಂದ್ರೆ ಎರಡೇ ಸಲ ಮತ್ತೆ ಕಳ್ಸುತ್ತೆ, ಆಮೇಲೆ ಮುಂದಿನ ಸರದಿಗೆ ಸೇರಿಸಿ ಕಳ್ಸುತ್ತೆ. ಬೋರ್ಡಿನ ಪವರ್ ಎಲ್‌ಇಡಿ ಕಿತ್ತು ಹಾಕೋದು ಮರೀಬೇಡಿ.

ಹೋದ ಕೊಯ್ಲಿಗೆ ಮುಂಚೆ ಹಾಕಿದ ಸೆಲ್ಲು ಈ ಮಳೆಗಾಲ ದಾಟಿ ಇನ್ನೂ ಓಡ್ತಿವೆ. ಏರಿ ಮೇಲಿಂದು ಮಾತ್ರ ಬೇಗ ಇಳೀತಿದೆ, ಅದಕ್ಕೆ ಎರಡು ಸೆಲ್ ಪ್ಯಾರಲಲ್ ಹಾಕಿದೀನಿ.