ಕಾಫಿ ತೋಟದ ಹಲಸು, ಅಂಗಳದ ಕಾಗದದ ಹೂ: ತಳಿ ನೋಂದಣಿಯಲ್ಲಿ ನನ್ನ ಅನುಭವ

ತೋಟದಲ್ಲಿ ಹೊಸ ಬಗೆಯ ಹಣ್ಣಿನ ಮರ ಕಂಡರೆ, ಅಂಗಳದಲ್ಲಿ ಬೇರೆ ಬಣ್ಣದ ಹೂ ಅರಳಿದರೆ, 'ಪೇಟೆಂಟ್ ಮಾಡಿಸಿಬಿಡಿ' ಎಂದು ಹೇಳುವವರು ನಮ್ಮಲ್ಲಿ ಬಹಳ. ಭಾರತದಲ್ಲಿ ಗಿಡಕ್ಕೆ ಪೇಟೆಂಟ್ ಇಲ್ಲ. 1970ರ ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಗಿಡ, ಬೀಜ, ತಳಿಗಳನ್ನೆಲ್ಲ ಹೊರಗಿಟ್ಟಿದೆ. ಅಮೆರಿಕದಲ್ಲಾದರೆ ಕಸಿ ಇಲ್ಲವೇ ಕಡ್ಡಿಯಿಂದ ಬೆಳೆಸುವ ಗಿಡಗಳಿಗೆ 1930ರಿಂದಲೂ ಪೇಟೆಂಟ್ ಕೊಡುತ್ತಿದ್ದಾರೆ. ಮೊದಲನೆಯದು 1931ರಲ್ಲಿ 'ನ್ಯೂ ಡಾನ್' ಎಂಬ ಬಳ್ಳಿ ಗುಲಾಬಿಗೆ ಸಿಕ್ಕಿತು. ನಮಗಿರುವುದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ ಪ್ರಾಧಿಕಾರ ದೆಹಲಿಯಲ್ಲಿದೆ, ಶಿವಮೊಗ್ಗದಲ್ಲಿ ಒಂದು ಶಾಖಾ ಕಚೇರಿಯೂ ಇದೆ. ಮರ ಮತ್ತು ಬಳ್ಳಿಗಳಿಗೆ ಒಟ್ಟು 18 ವರ್ಷದ ರಕ್ಷಣೆ: ಮೊದಲು 9 ವರ್ಷ, ಆಮೇಲೆ ನವೀಕರಣ. ಉಳಿದ ಬೆಳೆಗಳಿಗೆ 15 ವರ್ಷ, ಅದರಲ್ಲಿ ಮೊದಲ ಕಂತು 6 ವರ್ಷ.

ಈ ಕಾಯ್ದೆಯೊಳಗೆ ಹೋಗಲು ನಮ್ಮಂಥವರಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಯಾವುದರಿಂದ ಹೋಗಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ಮುಂದೆ ಎಲ್ಲವೂ ಗೋಜಲು. ಒಂದು 'ಹೊಸ ತಳಿ', ಇನ್ನೊಂದು 'ರೈತರ ತಳಿ'. ಬೇಕೆಂದೇ ಪರಾಗಸ್ಪರ್ಶ ಮಾಡಿಸಿ ಸಸಿ ಎಬ್ಬಿಸಿದ್ದರೆ ಅದು ಮೊದಲನೆಯದು. ತಲೆಮಾರುಗಳಿಂದ ಕಾಫಿ ತೋಟದಲ್ಲಿ ನೆರಳಿಗೆಂದು ನಿಂತಿರುವ, ಮನೆಯವರು ರುಚಿ ನೋಡಿ ಉಳಿಸಿಕೊಂಡು ಬಂದ ಹಲಸು ರೈತರ ತಳಿಯ ಸಾಲಿಗೆ ಸೇರುತ್ತದೆ. ರೈತರ ತಳಿಗೆ ಅರ್ಜಿ ಶುಲ್ಕವಿಲ್ಲ. ಪ್ರಾಧಿಕಾರದ ಮುಂದೆ ನಡೆಯುವ ಯಾವ ವ್ಯವಹಾರಕ್ಕೂ ರೈತ ಅಥವಾ ರೈತರ ಗುಂಪು ಶುಲ್ಕ ಕಟ್ಟಬೇಕಿಲ್ಲವೆಂದು 44ನೇ ಕಲಮು ಹೇಳುತ್ತದೆ. ಇನ್ನೂ ದೊಡ್ಡ ಅನುಕೂಲವೆಂದರೆ, ಇಲ್ಲಿ 'ಹೊಸತನ' ಎಂಬ ಷರತ್ತೇ ಇಲ್ಲ. ಅಪ್ಪನ ಕಾಲದಿಂದ ಸಂತೆಗೆ ಹೋಗುತ್ತಿರುವ ಹಣ್ಣಾದರೂ ನೋಂದಣಿಗೆ ಅಡ್ಡಿಯಿಲ್ಲ. ತಾನಾಗಿ ಹುಟ್ಟಿದ ಮರವನ್ನು 'ನಾನೇ ಅಭಿವೃದ್ಧಿಪಡಿಸಿದ ಹೊಸ ತಳಿ' ಎಂದು ಬರೆದುಕೊಳ್ಳುವ ಆಸೆ ಹಲವರಿಗಿರುತ್ತದೆ. ಅದು ಬೇಡ. ಹಾಗೆ ಬರೆದರೆ ಹೊಸತನವನ್ನು ಸಾಬೀತು ಮಾಡುವ ಹೊರೆ ಸುಮ್ಮನೆ ತಲೆಯ ಮೇಲೆ ಬೀಳುತ್ತದೆ.

ಆ ಹೊರೆ ಎಷ್ಟು ಭಾರವೆಂದು ಹೇಳುತ್ತೇನೆ. ಹೊಸ ತಳಿಯಾದರೆ ಅರ್ಜಿಯ ದಿನಕ್ಕೆ ಒಂದು ವರ್ಷಕ್ಕಿಂತ ಹಿಂದೆ ಅದನ್ನು ಭಾರತದಲ್ಲಿ ಮಾರಿರಬಾರದು. ವಿದೇಶದಲ್ಲಾದರೆ ಮರ, ಬಳ್ಳಿಗಳಿಗೆ 6 ವರ್ಷ, ಉಳಿದವಕ್ಕೆ 4 ವರ್ಷದ ಮಿತಿ. ಸಸಿ ಮಾರಿದರೆ ಮಾತ್ರ ಲೆಕ್ಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯ್ದೆಯ ಮಾತು ನೆಡುವ ವಸ್ತುವಿಗೂ ಅನ್ವಯಿಸುತ್ತದೆ, ಕೊಯ್ದ ಫಸಲಿಗೂ ಅನ್ವಯಿಸುತ್ತದೆ. ಅಂದರೆ ಹಣ್ಣನ್ನು ವ್ಯಾಪಾರಕ್ಕೆ ಕೊಟ್ಟ ದಿನದಿಂದಲೇ ಗಡಿಯಾರ ಓಡತೊಡಗುತ್ತದೆ. ಪ್ರಯೋಗಕ್ಕೆಂದು ಬೆಳೆಸಿ ನೋಡುವುದರಿಂದ ತೊಂದರೆಯಿಲ್ಲ. ಹಾಗಾಗಿ ನೆರೆಯ ತೋಟಕ್ಕೆ ಪರೀಕ್ಷೆಗೆ ಗಿಡ ಕೊಡುವಾಗ 'ಪ್ರಯೋಗಕ್ಕೆ ಮಾತ್ರ, ಮಾರಾಟಕ್ಕಲ್ಲ' ಎಂದು ದಿನಾಂಕ ಹಾಕಿ ಬರೆದು ಸಹಿ ಪಡೆಯುವುದು ನನ್ನ ಕ್ರಮ. ಅರ್ಜಿಯಲ್ಲಿ ಮೊದಲ ಮಾರಾಟದ ದಿನಾಂಕ ಕೇಳುತ್ತಾರೆ, ಅದನ್ನು ಅಂದಾಜಿನಲ್ಲಿ ತುಂಬಬಾರದು. ಪೆಪ್ಸಿಕೋದ ಎಫ್‌ಎಲ್ 2027 ಆಲೂಗಡ್ಡೆಯ ನೋಂದಣಿಯನ್ನು 2021ರ ಡಿಸೆಂಬರಿನಲ್ಲಿ ಪ್ರಾಧಿಕಾರ ರದ್ದು ಮಾಡಿದಾಗ ಎದ್ದ ತಕರಾರುಗಳಲ್ಲಿ ಈ ದಿನಾಂಕವೂ ಒಂದು. ದೆಹಲಿ ಹೈಕೋರ್ಟ್ 2024ರಲ್ಲಿ ಆ ರದ್ದತಿಯನ್ನು ತೆಗೆದುಹಾಕಿತು. ಅಷ್ಟು ದೊಡ್ಡ ಕಂಪನಿಯೇ ಅಷ್ಟು ವರ್ಷ ಅಲೆಯಬೇಕಾದ ಮೇಲೆ ನಮ್ಮಂಥವರು ಹುಷಾರಾಗಿರಬೇಕು.

ಇನ್ನು ಗಿಡದ ಕೆಲಸ. ಒಂದು ಒಳ್ಳೆಯ ಮರ ಇದ್ದ ಮಾತ್ರಕ್ಕೆ ತಳಿ ಇದೆ ಎಂದಲ್ಲ. ಹಲಸಿನ ಬೀಜ ಹಾಕಿದರೆ ತಾಯಿಯಂತೆ ಬರುವುದಿಲ್ಲ. ಗಟ್ಟಿ ತೊಳೆಯ ಬಕ್ಕೆಯ ಬೀಜದಿಂದ ಮೆತ್ತನೆ ತೊಳೆಯ ಅಂಬಲಿ ಹುಟ್ಟುವುದನ್ನು ತೋಟದವರೆಲ್ಲ ಕಂಡಿದ್ದಾರೆ. ಕಸಿ ಕಟ್ಟಿದ ಗಿಡಗಳು ಬೇರೆ ಜಾಗದಲ್ಲೂ ಅದೇ ಎಲೆ, ಅದೇ ಹಣ್ಣು, ಅದೇ ತೊಳೆ ಕೊಟ್ಟಾಗಲೇ ಅದು ತಳಿ. ಪರೀಕ್ಷಿಸುವವರು ನೋಡುವ ಮೂರು ಗುಣಗಳು ಭಿನ್ನತೆ, ಏಕರೂಪತೆ, ಸ್ಥಿರತೆ. ಇವುಗಳಲ್ಲಿ ಕೊನೆಯ ಎರಡಕ್ಕೆ ಕಸಿಗಿಡಗಳೇ ಸಾಕ್ಷಿ.

ಕಸಿ ಕೂಡಿಸುವ ಬುಡಸಸಿಗೆ ಬೀಜವನ್ನು ಹಣ್ಣಿನಿಂದ ತೆಗೆದ ಕೂಡಲೇ ತೊಳೆದು ಬಿತ್ತಬೇಕು, ಹಲಸಿನ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಸಿ ಮೂರು ನಾಲ್ಕು ತಿಂಗಳದಾಗಿ ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದಾಗ ಕಸಿಗೆ ಸಿದ್ಧ. ಕಸಿಕಡ್ಡಿಯನ್ನು ಕಾಯಿ ಬಿಡುತ್ತಿರುವ ತಾಯಿಮರದ ಹೊರ ರೆಂಬೆಗಳಿಂದ ಆರಿಸಿ, ಕತ್ತರಿಸುವ ವಾರ ಹತ್ತು ದಿನ ಮೊದಲೇ ತೊಟ್ಟು ಉಳಿಸಿ ಎಲೆ ಸವರುತ್ತೇನೆ. ಆಗ ತುದಿಮೊಗ್ಗು ಉಬ್ಬುತ್ತದೆ. ಕಡ್ಡಿ 10ರಿಂದ 12 ಸೆಂ.ಮೀ., ಬೆಣೆಯಾಕಾರದ ಕೊಯ್ತ 3ರಿಂದ 4 ಸೆಂ.ಮೀ. ಕೊಯ್ದ ಕ್ಷಣದಲ್ಲೇ ಮೇಣ ಉಕ್ಕುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ಒರೆಸದೆ ಕೂಡಿಸಿದರೆ ಎರಡೂ ತೊಗಟೆಗಳ ನಡುವೆ ಅಂಟಿನ ಪದರ ಕುಳಿತು ಬೆಸುಗೆ ಆಗುವುದೇ ಇಲ್ಲ. ಹಲಸಿನ ಕಸಿ ಕೈಕೊಡುವುದಕ್ಕೆ ಇದು ಮುಖ್ಯ ಕಾರಣ. ಎರಡನೆಯ ಕಾರಣ ನಮ್ಮ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ತೇವದಲ್ಲಿ ಪ್ಲಾಸ್ಟಿಕ್ ಪಟ್ಟಿಯ ಒಳಗೆ ನೀರು ಇಳಿದು ಬೂಷ್ಟು ಹಿಡಿಯುತ್ತದೆ. ಫೆಬ್ರವರಿಯಿಂದ ಮೇ ಒಳಗೆ ಕಟ್ಟಿ, ಮಳೆಗಾಲವನ್ನು ಪಾಲಿಥೀನ್ ಮಾಡಿನಡಿ ಕಳೆಸುವುದು ಒಳ್ಳೆಯದು. ಪ್ರತಿ ಕಸಿಗಿಡಕ್ಕೂ ತಾಯಿಮರದ ಸಂಖ್ಯೆ, ರೆಂಬೆ, ಕಟ್ಟಿದ ದಿನಾಂಕ ಬರೆದ ಅಲ್ಯೂಮಿನಿಯಂ ಚೀಟಿ ಇರಲಿ. ಶಾಯಿ ಒಂದು ಮಳೆಗಾಲಕ್ಕೂ ನಿಲ್ಲುವುದಿಲ್ಲ, ಮೊಳೆಯಿಂದ ಗೀರಬೇಕು.

ಗಿಡಗಳನ್ನು ಎರಡು ಜಾಗದಲ್ಲಿ ನೆಡಿ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ತೋಟಕ್ಕೆ ಇಳಿಯುತ್ತದೆ. ಅಳತೆಗೆಂದು ಗುರುತು ಹಾಕಿಟ್ಟ ಹಣ್ಣುಗಳು ಒಂದೇ ರಾತ್ರಿಯಲ್ಲಿ ಹೋದರೆ ಆ ಹಂಗಾಮಿನ ದಾಖಲೆಯೇ ಇಲ್ಲವಾಗುತ್ತದೆ. ಕಾಡಂಚಿನ ತೋಟವಾದರೆ ಒಂದು ಭಾಗವನ್ನು ಸೋಲಾರ್ ಬೇಲಿಯೊಳಗೆ, ಮನೆಯ ಹತ್ತಿರ ಇಡುವುದೇ ಸರಿ.

ದಾಖಲೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮೊದಲು ಪ್ರಾಧಿಕಾರದ ಜಾಲತಾಣದಿಂದ ನಿಮ್ಮ ಬೆಳೆಯ ಪರೀಕ್ಷಾ ಮಾರ್ಗಸೂಚಿ ಇಳಿಸಿಕೊಳ್ಳಿ. ಹೊಸ ತಳಿಯಾದರೆ ಆ ಬೆಳೆ ಕೇಂದ್ರ ಸರ್ಕಾರದ ಅಧಿಸೂಚಿತ ಪಟ್ಟಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಮಾರ್ಗಸೂಚಿಯಲ್ಲಿ ಯಾವ ಲಕ್ಷಣ ಇದೆಯೋ ಅದನ್ನೇ, ಅದೇ ಕ್ರಮದಲ್ಲಿ ಅಳೆಯಿರಿ. ಎಲೆಯ ಆಕಾರ, ಹಣ್ಣಿನ ಆಕಾರ, ಮುಳ್ಳಿನ ಚೂಪು, ತೊಳೆಯ ಬಣ್ಣ, ಅದರ ಗಟ್ಟಿತನ ಇಂಥವು. ಇವುಗಳ ಜೊತೆಗೆ ಹಣ್ಣಿನ ತೂಕ, ಉದ್ದ, ಸುತ್ತಳತೆ, ತೊಳೆಗಳ ಎಣಿಕೆ, ಬೀಜ ತೆಗೆದ ತೊಳೆಯ ತೂಕ, ನಡುವಿನ ಗೂಂಜಿನ ತೂಕ ಬರೆದಿಡುತ್ತೇನೆ. ಸಿಹಿಯನ್ನು ರಿಫ್ರಾಕ್ಟೋಮೀಟರ್ ಎಂಬ ಉಪಕರಣದಲ್ಲಿ ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಲೆಕ್ಕದಲ್ಲಿ ನೋಡಬೇಕು. ಜೋರು ಮಳೆಯಲ್ಲಿ ಹಣ್ಣಾದದ್ದು ನೀರು ತುಂಬಿ ಬ್ರಿಕ್ಸ್ ಇಳಿಯುತ್ತದೆ, ಆದ್ದರಿಂದ ಕೊಯ್ದ ದಿನಾಂಕದ ಪಕ್ಕದಲ್ಲಿ ಹಿಂದಿನ ವಾರದ ಮಳೆಯನ್ನೂ ಬರೆಯಿರಿ. ಕೊಡಗಿನ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಹೇಗೂ ಇದೆ, ಆ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೋಟೋ ತೆಗೆಯುವಾಗ ಅಳತೆಪಟ್ಟಿ ಪಕ್ಕದಲ್ಲಿರಲಿ, ನೆರಳಿನ ಬೆಳಕಿನಲ್ಲಿ ತೆಗೆಯಿರಿ. ಬಿಸಿಲಿನಲ್ಲಿ ತಾಮ್ರಗೆಂಪು ತೊಳೆ ಕಿತ್ತಳೆಯಾಗಿ ಕಾಣುತ್ತದೆ.

ಅರ್ಜಿದಾರರು ಎಡವುವ ಜಾಗ ಭಿನ್ನತೆ. 'ಇಳುವರಿ ಹೆಚ್ಚು, ರುಚಿ ಬೇರೆಯೇ' ಎಂದು ಬರೆದರೆ ಪ್ರಯೋಜನವಿಲ್ಲ. ಈ ಕಾಯ್ದೆ ತಳಿ ಒಳ್ಳೆಯದೋ ಅಲ್ಲವೋ ಎಂದು ನೋಡುವುದಿಲ್ಲ, ಬೇರೆಯೋ ಅಲ್ಲವೋ ಎಂದಷ್ಟೇ ನೋಡುತ್ತದೆ. ಗೊತ್ತಿರುವ ತಳಿಗಳಿಗಿಂತ ಕನಿಷ್ಠ ಒಂದು ಮುಖ್ಯ ಲಕ್ಷಣದಲ್ಲಾದರೂ ಸ್ಪಷ್ಟ ವ್ಯತ್ಯಾಸ ಇರಬೇಕು. ಆದ್ದರಿಂದ ಅತಿ ಹತ್ತಿರದ ತಳಿಯನ್ನು ನೀವೇ ಹುಡುಕಿ ಹೋಲಿಸಿ ತೋರಿಸಬೇಕು. ಕೆಂಪು ತೊಳೆಯ ಹಲಸಾದರೆ ತುಮಕೂರು ಜಿಲ್ಲೆ ಚೇಳೂರಿನ 'ಸಿದ್ದು' ಕಣ್ಣಮುಂದೆ ಬರಲೇಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ರೈತ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು ಅದರ ಕಸಿಗಿಡಗಳನ್ನು ಬೆಳೆಸಿತು. ಎರಡೂವರೆ ಕಿಲೋ ಆಸುಪಾಸಿನ ಚಿಕ್ಕ ಹಣ್ಣು, ತಾಮ್ರಗೆಂಪು ತೊಳೆ. ಸಿದ್ದು ಕಸಿಗಿಡವನ್ನು ನಿಮ್ಮ ಗಿಡಗಳ ಸಾಲಿನಲ್ಲೇ ನೆಟ್ಟು, ಒಂದೇ ಗೊಬ್ಬರ, ಒಂದೇ ನೆರಳಿನಲ್ಲಿ ಬೆಳೆಸಿ ಅಳೆದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಸಿಲ್ವರ್ ಓಕ್ ನೆರಳಿನ ಗಿಡವನ್ನು ಬಯಲಿನ ಗಿಡದೊಂದಿಗೆ ಹೋಲಿಸಿದರೆ ಎಲೆಯ ಅಳತೆಯಲ್ಲಿ ಕಾಣುವ ವ್ಯತ್ಯಾಸ ತಳಿಯದೋ ನೆರಳಿನದೋ ಯಾರೂ ಹೇಳಲಾರರು. ಕೊಡಗಿನವರಿಗೆ ಇಂಥ ಹೋಲಿಕೆಗೆ ಸಲಹೆ ಕೇಳಲು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಹತ್ತಿರದಲ್ಲಿದೆ. ಏಲಕ್ಕಿ, ಕಾಳುಮೆಣಸಿಗಾದರೆ ಅಪ್ಪಂಗಳದ ಸಂಬಾರ ಸಂಶೋಧನಾ ಕೇಂದ್ರ.

ಅಲಂಕಾರಿಕ ಗಿಡಗಳ ಕಥೆ ಬೇರೆ. ಮಡಿಕೇರಿ ಕಡೆ ಅಂಗಳಗಳಲ್ಲಿ ಹೊಸದಾಗಿ ಕಾಣುವುದು ಬಹುಪಾಲು ರೆಂಬೆಯ ಮಾರ್ಪಾಡು, ಅಂದರೆ ಗಿಡದ ಒಂದು ಕೊಂಬೆ ಮಾತ್ರ ಬಣ್ಣ ಬದಲಿಸಿ ಹೂ ಬಿಡುವುದು. ಕಾಗದದ ಹೂವಿನಲ್ಲಿ (ಬೋಗನ್‌ವಿಲ್ಲಾ) ಇದು ಸಾಮಾನ್ಯ. ಇಂಥ ಕೊಂಬೆಯಲ್ಲಿ ಹಳೆಯ ಮತ್ತು ಹೊಸ ಜೀವಕೋಶಗಳು ಬೆರೆತಿರುತ್ತವೆ. ಹೊಸ ಕೋಶಗಳು ಒಂದು ಪೂರ್ತಿ ಪದರವಾಗಿದ್ದರೆ ಬಣ್ಣ ನಿಲ್ಲುತ್ತದೆ, ಒಂದು ಪಕ್ಕದಲ್ಲಿ ಮಾತ್ರ ಇದ್ದರೆ ಹಳೆಯದಕ್ಕೆ ತಿರುಗುತ್ತದೆ. ಇದನ್ನು ಮಾಡಿಯೇ ತಿಳಿಯಬೇಕು. ಪೂರ್ತಿ ಬದಲಾದ ಕೊಂಬೆಯಿಂದ 15ರಿಂದ 20 ಸೆಂ.ಮೀ. ಅರೆಬಲಿತ ಕಡ್ಡಿ ತೆಗೆದು, ಬುಡವನ್ನು ಬೇರು ಹುಟ್ಟಿಸುವ ಹಾರ್ಮೋನಾದ ಐಬಿಎಯ 2000 ಪಿಪಿಎಂ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ ಮರಳಿನಲ್ಲಿ ನಾಟಿ. ಬೇರು ಬಂದ ಗಿಡ ಹೂ ಬಿಟ್ಟ ಮೇಲೆ ಅದರಿಂದ ಮತ್ತೆ ಕಡ್ಡಿ, ಅದರಿಂದ ಇನ್ನೊಮ್ಮೆ. ಮೂರು ಪೀಳಿಗೆ ದಾಟಿಯೂ ಬಣ್ಣ ನಿಂತರೆ ಮಾತ್ರ ಅರ್ಜಿಯ ಯೋಚನೆ ಮಾಡುತ್ತೇನೆ. ತಿರುಗಿದ ಗಿಡಗಳನ್ನು ಎಸೆಯುವ ಮುಂಚೆ ಎಣಿಸಿ ಬರೆದುಕೊಳ್ಳಿ, ಆ ಸಂಖ್ಯೆಯೇ ಸ್ಥಿರತೆಯ ಅಳತೆ. ನಮ್ಮ ಮಳೆಯಲ್ಲಿ ಕಾಗದದ ಹೂ ಬಣ್ಣ ಕಟ್ಟುವುದಿಲ್ಲ, ಡಿಸೆಂಬರಿನಿಂದ ಮೇವರೆಗಿನ ಒಣ ಹವೆಯಲ್ಲೇ ದಾಖಲೆ ಮಾಡಬೇಕು. ಬಣ್ಣವನ್ನು 'ನಸುಗೆಂಪು' ಎಂದು ಬರೆದರೆ ಸಾಲದು, ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ (ಆರ್‌ಎಚ್‌ಎಸ್) ಬಣ್ಣಪಟ್ಟಿಯ ಸಂಖ್ಯೆ ಬೇಕು. ಆ ಪಟ್ಟಿ ದುಬಾರಿ. ಕೊಳ್ಳುವ ಬದಲು ಅದಿರುವ ಸಂಶೋಧನಾ ಕೇಂದ್ರಕ್ಕೆ ಹೂ ಒಯ್ದು ಹೋಲಿಸಿಕೊಂಡು ಬನ್ನಿ.

ತಾಯಿಗಿಡವೇ ಇಲ್ಲಿ ಇನ್ನೊಬ್ಬರ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಅದರ ಮಾರ್ಪಾಡು 'ಮೂಲತಃ ಜನ್ಯ ತಳಿ' ಎನಿಸಿಕೊಳ್ಳುತ್ತದೆ. ಅದಕ್ಕೆ ಅರ್ಜಿಯೇ ಬೇರೆ, ಮೂಲ ತಳಿಯ ಒಡೆಯರ ಒಪ್ಪಿಗೆಯೂ ಬೇಕು. ಹಾಲೆಂಡಿನಿಂದ ತರಿಸಿದ ಆಂಥೂರಿಯಂಗಳಿಗೆ ಹೊಸ ಹೆಸರು ಕೊಟ್ಟು ತಮ್ಮದೆನ್ನುವುದು ತಳಿಗಾರನಿಗೆ ಮಾಡುವ ಅನ್ಯಾಯ, ಯಾರೂ ಆ ದಾರಿ ಹಿಡಿಯಬಾರದು.

ಅರ್ಜಿಯ ಕಾಗದಗಳು ಹೀಗೆ: ಒಂದನೇ ನಮೂನೆ, ತಾಂತ್ರಿಕ ಪ್ರಶ್ನಾವಳಿ, ತಳಿಯ ಮೂಲದ ವಿವರ, ಫೋಟೋಗಳು. ರೈತರ ತಳಿಗೆ ಮೇಲುಸಹಿ ಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು, ಜಿಲ್ಲಾ ಬುಡಕಟ್ಟು ಅಭಿವೃದ್ಧಿ ಅಧಿಕಾರಿ, ಇವರಲ್ಲಿ ಒಬ್ಬರದು. ಮರ ಒಕ್ಕದ (ಕೊಡವರ ಕೂಡುಕುಟುಂಬ) ಜಂಟಿ ಜಮ್ಮಾ ಜಾಗದಲ್ಲಿದ್ದರೆ, ಅಂದರೆ ವಂಶಪಾರಂಪರ್ಯ ಹಿಡುವಳಿಯಲ್ಲಿದ್ದರೆ, ಒಬ್ಬರ ಹೆಸರಿನಲ್ಲಿ ಹಾಕಬೇಡಿ. ಕಾಯ್ದೆ ಗುಂಪಿಗೂ ಅವಕಾಶ ಕೊಟ್ಟಿದೆ. ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕೂರಿಸಿ ಮಾತಾಡಿ ಎಲ್ಲರ ಸಹಿಯೊಂದಿಗೆ ಗುಂಪಾಗಿ ಹಾಕಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ಹೆಸರು ಬರೀ ಅಂಕಿಯಾಗಿರಬಾರದು, ದಾರಿ ತಪ್ಪಿಸಬಾರದು, ಊರಿನ ಹೆಸರನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರಾಮಾಣಿಕ ಬಳಕೆ ಎಂದು ರಿಜಿಸ್ಟ್ರಾರರಿಗೆ ಅನಿಸಿದರೆ ಮಾತ್ರ ವಿನಾಯಿತಿ. ಕೊಡಗಿನ ಕಿತ್ತಳೆಗೆ 2006ರಲ್ಲಿ ಸಿಕ್ಕಿದ ಭೌಗೋಳಿಕ ಗುರುತು ಬೇರೆ ಕಾಯ್ದೆಯದು, ಅಲ್ಲಿ ಊರಿನ ಹೆಸರೇ ಜೀವಾಳ. ತಳಿಗೆ ಇಟ್ಟ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲೂ ಬರುವುದಿಲ್ಲ, ಹಾಗಾಗಿ ನರ್ಸರಿಯ ಬ್ರಾಂಡ್ ಹೆಸರು ಬೇರೆ, ತಳಿಯ ಹೆಸರು ಬೇರೆ ಇಟ್ಟುಕೊಳ್ಳಿ.

ಪರೀಕ್ಷೆಯ ಹಂತದಲ್ಲಿ ಮರಬೆಳೆಗಳನ್ನು ಹೆಚ್ಚಾಗಿ ತೋಟದಲ್ಲೇ ಬಂದು ನೋಡುತ್ತಾರೆ. ಹಣ್ಣು ಮರದಲ್ಲಿರುವ ವಾರಗಳನ್ನು ಮೊದಲೇ ಪತ್ರ ಬರೆದು ತಿಳಿಸಿ, ಇಲ್ಲದಿದ್ದರೆ ಬರೀ ಎಲೆ ನೋಡಿ ಹೋಗಿ ಮತ್ತೊಂದು ವರ್ಷ ಕಾಯಬೇಕಾಗುತ್ತದೆ. ಅರ್ಜಿ ಅಂಗೀಕಾರವಾದ ಮೇಲೆ ವಿವರ ಪ್ರಾಧಿಕಾರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಮೂರು ತಿಂಗಳ ಅವಧಿ.

ಪ್ರಮಾಣಪತ್ರ ಬಂದ ಮೇಲೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿದಿರಬೇಕು. 39ನೇ ಕಲಮಿನಡಿ ಯಾವ ರೈತನೂ ರಕ್ಷಿತ ತಳಿಯನ್ನು ತನ್ನ ತೋಟದಲ್ಲಿ ಬೆಳೆಸಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಕಾಯ್ದೆಯ ಪ್ರಕಾರ 'ಬೀಜ' ಎಂದರೆ ಕಸಿಗಿಡವೂ ಸೇರುತ್ತದೆ. ಪಕ್ಕದ ತೋಟದವರು ಕಡ್ಡಿ ಒಯ್ದು ನಾಲ್ಕು ಗಿಡ ಕಟ್ಟಿಕೊಂಡರೆ ತಡೆಯಲಾಗದು. ತಡೆಯಲೂಬಾರದು, ನಮ್ಮ ಹಲಸು ಉಳಿದದ್ದೇ ಹಾಗೆ. ಇಡುಕ್ಕಿಯ ರೈತರೊಬ್ಬರು ಆರಿಸಿದ ಞಳ್ಳಾನಿ ಏಲಕ್ಕಿ ಈ ಕಾಯ್ದೆ ಬರುವ ಮೊದಲೇ ಕೈಯಿಂದ ಕೈಗೆ ಹರಡಿತು. ನಿಮ್ಮ ಹಕ್ಕು ನಡೆಯುವುದು ವ್ಯಾಪಾರಿ ನರ್ಸರಿಗಳ ಮೇಲೆ. ಅವರಿಗೆ ಬರವಣಿಗೆಯಲ್ಲಿ ಪರವಾನಗಿ ಕೊಡಿ: ವರ್ಷಕ್ಕೆ ಎಷ್ಟು ಕಸಿಗಿಡ, ಗಿಡಕ್ಕೆ ಎಷ್ಟು ರಾಯಧನ, ಕಡ್ಡಿ ನಿಮ್ಮ ಗುರುತಿನ ಮರಗಳಿಂದಲೇ ಬರಬೇಕು, ಚೀಟಿಯ ಮೇಲೆ ತಳಿಯ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು, ಲೆಕ್ಕದ ಪುಸ್ತಕ ನೋಡುವ ಅಧಿಕಾರ ನಿಮಗಿರಬೇಕು. ಆ ಪರವಾನಗಿಯನ್ನು ಪ್ರಾಧಿಕಾರದಲ್ಲೂ ನೋಂದಾಯಿಸಿ. ಯಾರಾದರೂ ಉಲ್ಲಂಘಿಸಿದರೆ ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯದಲ್ಲಿ, ಅದಕ್ಕಿಂತ ಕೆಳಗಿನ ನ್ಯಾಯಾಲಯ ಇದನ್ನು ಕೇಳುವುದಿಲ್ಲ. ಅಲ್ಲಿ ಕೇಳುವ ಮೊದಲ ದಾಖಲೆ ಪ್ರಮಾಣಪತ್ರ. ಎರಡನೆಯದು ತಾಯಿಮರದಿಂದ ಹೋದ ಪ್ರತಿ ಕಡ್ಡಿ ಯಾವ ದಿನ ಯಾರ ಕೈಗೆ ಹೋಯಿತೆಂದು ಬರೆದಿಟ್ಟ ಪುಸ್ತಕ.