ಅಡತ್ ಅಂಗಡಿಯ ಎಕ್ಸೆಲ್ ಲೆಕ್ಕ: ಬ್ಯಾಕಪ್ ತಾನಾಗೇ ಆಗುವಂತೆ ಮಾಡಿದ್ದು ಹೀಗೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯ, ಲೆಕ್ಕ ನೋಡುತ್ತೇನೆ. ತೊಗರಿ ಸುಗ್ಗಿ ಶುರುವಾಯಿತೆಂದರೆ ರೈತರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಕೊಟ್ಟ ಮುಂಗಡ ಎಲ್ಲವೂ ಒಂದೇ ಎಕ್ಸೆಲ್ ಫೈಲ್‌ಗೆ ಹೋಗುತ್ತದೆ. ಆ ಫೈಲ್ ಹಾಳಾದರೆ ಆಳಂದ, ಜೇವರ್ಗಿ ಕಡೆಯಿಂದ ಬಂದು ಕೂತ ರೈತರಿಗೆ ತೂಕ, ದರ, ಹಣದ ಲೆಕ್ಕದ ಚೀಟಿಯಾದ ತಕ್‌ಪಟ್ಟಿ ಕೊಡೋದು ಹೇಗೆ? ಅದು ಅವರ ವರ್ಷದ ದುಡಿಮೆಯ ಲೆಕ್ಕ. ಹಾಗಾಗಿ ಯಾರ ನೆನಪಿನ ಮೇಲೂ ಬಿಡದೆ, ಬ್ಯಾಕಪ್ ತಾನಾಗೇ ಆಗುವಂತೆ ಮಾಡಿದ್ದೇನೆ.

ಮೊದಲು ಕರೆಂಟ್ ಹೋಗುವ ವಿಷಯ. ಎಕ್ಸೆಲ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಅಂತ ಹೋದರೆ ಆಟೋರಿಕವರ್ ಸಿಗುತ್ತದೆ. ಅದು ಮೊದಲಿನಿಂದ 10 ನಿಮಿಷಕ್ಕೆ ಇರುತ್ತದೆ. ಸುಗ್ಗಿಯಲ್ಲಿ 10 ನಿಮಿಷ ಅಂದರೆ ಎಷ್ಟೋ ಸಾಲು, ಅಲ್ವಾ? ನಾನು 2 ನಿಮಿಷಕ್ಕೆ ಇಳಿಸಿದೆ. ಅದರ ಕೆಳಗೆ, ಸೇವ್ ಮಾಡದೆ ಮುಚ್ಚಿದರೂ ಕೊನೆಯ ಪ್ರತಿ ಉಳಿಸು ಎನ್ನುವ ಚೌಕವಿದೆ. ಅದಕ್ಕೂ ಟಿಕ್ ಹಾಕಿ. ಆದರೆ ಇದು ನಿಮ್ಮ ಅಸಲಿ ಫೈಲನ್ನು ಸೇವ್ ಮಾಡುವುದಿಲ್ಲ. ಬೇರೆ ಕಡೆ ಒಂದು ತಾತ್ಕಾಲಿಕ ಪ್ರತಿ ಇಡುತ್ತದೆ, ಫೈಲ್ ಸರಿಯಾಗಿ ಸೇವ್ ಮಾಡಿ ಮುಚ್ಚಿದ ಮೇಲೆ ಅದನ್ನು ತೆಗೆದುಹಾಕುತ್ತದೆ. ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಬಿಡಬೇಡಿ.

ಪಕ್ಕದ ಅಂಗಡಿಯ ಗುಮಾಸ್ತರು ಒಮ್ಮೆ ಕೇಳಿದರು, "ಅಲ್ರೀ, ಒನ್‌ಡ್ರೈವ್‌ನ್ಯಾಗ ತಾನೇ ಸೇವ್ ಆಗ್ತದಲ್ಲ, ಮತ್ತ್ಯಾಕ ಕಾಪಿ?" ನಿಜ, ಮೈಕ್ರೋಸಾಫ್ಟ್ 365 ಇದ್ದು ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ ಆಟೋಸೇವ್ ಕೆಲಸ ಮಾಡುತ್ತದೆ. ಆದರೆ ತಪ್ಪೂ ಅಷ್ಟೇ ಬೇಗ ಸೇವ್ ಆಗುತ್ತದೆ. ಯಾರೋ ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದರು ಅಂದುಕೊಳ್ಳಿ, ಬಂದ ಎಚ್ಚರಿಕೆಯಲ್ಲಿ ಆರಿಸಿದ ಕಾಲಂ ಮಾತ್ರ ಸಾರ್ಟ್ ಮಾಡು (ಕಂಟಿನ್ಯೂ ವಿತ್ ದಿ ಕರೆಂಟ್ ಸೆಲೆಕ್ಷನ್) ಎನ್ನುವುದನ್ನೇ ಒತ್ತಿದರು. ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ತೂಕ ಬಂದು ಕೂರುತ್ತದೆ. ಮೊತ್ತ ಮಾತ್ರ ಸರಿಯಾಗೇ ಇರುತ್ತದೆ, ಹಾಗಾಗಿ ತಕ್ಷಣ ಗೊತ್ತಾಗುವುದೇ ಇಲ್ಲ. ಆಗ ಬೇಕಾಗುವುದು ಮೊನ್ನೆಯ ಫೈಲ್. ಒನ್‌ಡ್ರೈವ್, ಗೂಗಲ್ ಶೀಟ್ಸ್ ಎರಡರಲ್ಲೂ ವರ್ಷನ್ ಹಿಸ್ಟರಿ, ಅಂದರೆ ಫೈಲ್ ಹಿಂದೆ ಹೇಗಿತ್ತೋ ಅದಕ್ಕೆ ಮರಳುವ ಸೌಲಭ್ಯ, ಇದೆ, ನೆಟ್ ಚೆನ್ನಾಗಿರುವವರು ಅದನ್ನು ಬಳಸಿ. ನಮ್ಮದು ಕಂಪ್ಯೂಟರ್‌ನಲ್ಲೇ ಇರುವ ಫೈಲ್.

ಅದಕ್ಕೆ ಸಣ್ಣ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ತಾನಾಗೇ ಓಡುವ ಪುಟ್ಟ ಪ್ರೋಗ್ರಾಂ, ಬರೆದೆ. ಆಲ್ಟ್ ಎಫ್ 11 ಒತ್ತಿ, ದಿಸ್ ವರ್ಕ್‌ಬುಕ್‌ನ ಒಳಗೆ, ವರ್ಕ್‌ಬುಕ್ ಓಪನ್ ಜಾಗದಲ್ಲಿ ಸೇವ್ ಕಾಪಿ ಆ್ಯಸ್ ಎಂಬ ಆಜ್ಞೆಯ ಒಂದೇ ಸಾಲು. ಫೈಲ್ ತೆರೆದ ಕೂಡಲೇ ಡಿ ಡ್ರೈವ್‌ನ ಫೋಲ್ಡರ್‌ಗೆ ತಾರೀಖು, ವೇಳೆ ಸೇರಿಸಿದ ಹೆಸರಿನಲ್ಲಿ ಒಂದು ಪ್ರತಿ ಹೋಗುತ್ತದೆ. ಸೇವ್ ಆ್ಯಸ್ ಬಳಸಬೇಡಿ, ಅದು ನಿಮ್ಮನ್ನು ಹೊಸ ಫೈಲ್‌ಗೇ ಎಳೆದುಕೊಂಡು ಹೋಗುತ್ತದೆ. ವೇಳೆಯಲ್ಲಿ ಕೋಲನ್ ಬೇಡ, ವಿಂಡೋಸ್ ಒಪ್ಪುವುದಿಲ್ಲ, ಅಡ್ಡಗೆರೆ ಹಾಕಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೋಲ್ಡರ್‌ನಲ್ಲಿ ತಾವಾಗೇ ಸಾಲಾಗಿ ನಿಲ್ಲುತ್ತವೆ. ಫೈಲನ್ನು ಮ್ಯಾಕ್ರೋ ಇರುವ ಮಾದರಿಯಲ್ಲೇ, ಅಂದರೆ ಎಕ್ಸ್‌ಎಲ್‌ಎಸ್‌ಎಂ ಆಗಿ ಉಳಿಸಬೇಕು.

ಬಹಳ ಜನ ಇದನ್ನು ಮುಚ್ಚುವಾಗ ಓಡುವಂತೆ ಬರೆಯುತ್ತಾರೆ. ನನಗೆ ತೆರೆಯುವಾಗಲೇ ಸರಿ ಅನಿಸುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಮುಚ್ಚುವ ಮ್ಯಾಕ್ರೋ ಓಡುವುದೇ ಇಲ್ಲ, ಬ್ಯಾಕಪ್ ತೀರಾ ಬೇಕಾದ ದಿನವೇ ಅದು ಇರುವುದಿಲ್ಲ. ತೆರೆಯುವಾಗ ಮಾಡಿದ ಪ್ರತಿಯಲ್ಲಿ ಇವತ್ತು ಯಾರೂ ಕೈ ಹಾಕುವ ಮುಂಚಿನ ಲೆಕ್ಕ ಇರುತ್ತದೆ.

ಒಂದೇ ಡಿಸ್ಕಿನಲ್ಲಿ ಎಷ್ಟು ಪ್ರತಿ ಇಟ್ಟರೂ ಡಿಸ್ಕ್ ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ರೋಬೋಕಾಪಿ ಇಟ್ಟಿದ್ದೇನೆ (ಮೊದಲನೆಯದು ಹೇಳಿದ ಹೊತ್ತಿಗೆ ಕೆಲಸ ಓಡಿಸುವ, ಎರಡನೆಯದು ಫೈಲ್ ನಕಲು ಮಾಡುವ ವಿಂಡೋಸ್ ಸಾಧನ), ಅದು ಮಧ್ಯಾಹ್ನ ಊಟದ ಹೊತ್ತಿಗೆ ಆ ಫೋಲ್ಡರನ್ನು ಒಳಗಿನ ಕೋಣೆಯ ಕಂಪ್ಯೂಟರ್‌ಗೆ ಕಳಿಸುತ್ತದೆ. ಇದರಲ್ಲಿ ಮಿರರ್ ಆಯ್ಕೆ ಹಾಕಬೇಡಿ, ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೂ ಹಾಕಿ ಮನೆಗೆ ಒಯ್ಯುತ್ತೇನೆ. ಅದನ್ನು ಸುಮ್ನೆ ಚುಚ್ಚಿಯೇ ಬಿಡಬೇಡಿ, ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದನ್ನೂ ಹಿಡಿಯುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಪ್ರತಿ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು, ಒಟ್ಟು ಚೀಲದ ಲೆಕ್ಕವನ್ನು ಆ ದಿನದ ತಕ್‌ಪಟ್ಟಿಗಳ ಜೊತೆ ತಾಳೆ ನೋಡುತ್ತೇನೆ.

ಎಕ್ಸೆಲ್ ಬದಲು ಉಚಿತವಾದ ಲಿಬ್ರೆಆಫೀಸ್ ಬಳಸುವವರಿಗೆ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ನಲ್ಲಿ ಆಟೋರಿಕವರಿಯ ನಿಮಿಷವೂ ಯಾವಾಗಲೂ ಬ್ಯಾಕಪ್ ಪ್ರತಿ ಮಾಡುವ ಆಯ್ಕೆಯೂ ಒಂದೇ ಕಡೆ ಸಿಗುತ್ತವೆ. ಅಲ್ಲಿ ಹಿಂದಿನ ಸೇವ್‌ನ ಒಂದು ಪ್ರತಿ ಮಾತ್ರ ಉಳಿಯುತ್ತದೆ, ಹಾಗಾಗಿ ತಾರೀಖಿನ ಪ್ರತಿಗಳನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.